ಕೆಟಲ್ ಇಡದ ಒಲೆ

ಬೆಳಗಿನ ಎಂಟೂವರೆ. ಭೂಮಿಯ ದಕ್ಷಿಣ ತುದಿಯ ನಮ್ಮ ಬಂದರಿನಲ್ಲಿ ಆಗಸ್ಟ್ ಎಂದರೆ ಚಳಿಗಾಲ, ಇನ್ನೂ ಬೆಳಕು ಹರಿದಿಲ್ಲ. ಧಕ್ಕೆಯ ಹಲಗೆಗಳ ಮೇಲೆ ರಾತ್ರಿ ಬಿದ್ದ ಹಿಮ ಗಟ್ಟಿಯಾಗಿದೆ. ಅದರ ಮೇಲೆ ಪಾದವನ್ನು ಅಡ್ಡಡ್ಡ ಊರುತ್ತಾ ಊರೆಲ್ಲ ಗೌರವದಿಂದ 'ದೋನ್ಯಾ' ಎಂದು ಕರೆಯುವ ಕ್ಲೋರಿಂದಾ ಲೆವಿಕೊಯ್ ಬರುತ್ತಾರೆ. ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ಬಕೆಟ್ಟು, ಕೊರಳಿಗೆ ಕಟ್ಟಿಕೊಂಡ ದಾರದಲ್ಲಿ ಹನ್ನೊಂದು ಬೀಗದ ಕೈಗಳು. ಅವರ ಬೆನ್ನಿಗೆ, ಈಗಾಗಲೇ ಎರಡು ಸಲ ಜಾರಿ ಬಿದ್ದು, ಮೂರನೆಯ ಸಲ ಬೀಳದಂತೆ ಎಚ್ಚರ ವಹಿಸುತ್ತಾ ನಾನು.

ಮೊದಲ ಹಾಯಿದೋಣಿಯ ಮೇಲಿನ ಹಿಮವನ್ನು ಅವರು ಪೊರಕೆಯಿಂದಲೇ ಗುಡಿಸುತ್ತಾರೆ, ಸಲಿಕೆ ಮುಟ್ಟುವುದಿಲ್ಲ. ಬೀಗ ತೆಗೆದು, ಮುಚ್ಚಳ ಸರಿಸಿ, ಬೆನ್ನು ಮುಂದಾಗಿ ಏಣಿ ಇಳಿಯುತ್ತಾರೆ. ಒಳಗೆ ಟಾರ್ಚು ಹಾಕುವುದಿಲ್ಲ. ಮಂಚದ ಕೆಳಗಿನ ಗೂಡಿಗೆ ಕೈ ಹಾಕಿ, ಅಲ್ಲಿಟ್ಟಿದ್ದ ಹಳೆಯ ಪತ್ರಿಕೆಯ ಹಾಳೆಯೊಂದನ್ನು ಎಳೆದು, ಕಿವಿಯ ಹತ್ತಿರ ಹಿಡಿದು ಮುದುರುತ್ತಾರೆ. ಸರಸರ ಸದ್ದು ನನಗೂ ಕೇಳಿಸುತ್ತದೆ.

"ಇದು ಚೆನ್ನಾಗಿದೆ," ಎನ್ನುತ್ತಾರೆ. ಮುಂದಿನ ಗೂಡಿನ ಹಾಳೆಯನ್ನು ಮುದುರಿದಾಗ ಸದ್ದೇ ಇಲ್ಲ. "ಇದು ಮಾತಾಡ್ತಿಲ್ಲ ನೋಡಿ ಮೇಷ್ಟ್ರೇ. ಎಲ್ಲೋ ಪಸೆ ಇದೆ." ಮಂಡಿಯೂರಿ, ಗೂಡಿನೊಳಗೆ ಅರ್ಧ ದೇಹ ತೂರಿಸಿ, ಹಲಗೆಯ ಸಂದಿಗೆ ಬೆರಳು ಆಡಿಸುತ್ತಾ ಹೋಗುತ್ತಾರೆ. ಐದು ನಿಮಿಷದ ಮೇಲೆ ಒಂದು ತಿರುಪಿನ ಬಳಿ ಬೆರಳು ನಿಲ್ಲುತ್ತದೆ. ಅಲ್ಲಿ ಒಂದು ಹನಿ ನೀರಿದೆ. ಅಷ್ಟೇ, ಒಂದು ಹನಿ.

ಅರವತ್ತಮೂರು ವರ್ಷದ ಕ್ಲೋರಿಂದಾ ಹತ್ತೊಂಬತ್ತು ಚಳಿಗಾಲಗಳಿಂದ ಮಾಡುತ್ತಾ ಬಂದಿರುವುದು ಇದನ್ನೇ. ಬೇಸಿಗೆಯಲ್ಲಿ ದೂರದೇಶಗಳ ಜನ ಹಾಯಿದೋಣಿಗಳಲ್ಲಿ ಬರುತ್ತಾರೆ, ಹಿಮನದಿಗಳನ್ನು ನೋಡುತ್ತಾರೆ, ಚಳಿ ಶುರುವಾಗುವ ಮೊದಲು ದೋಣಿಯನ್ನು ಇಲ್ಲಿ ಕಟ್ಟಿ ವಿಮಾನ ಹತ್ತಿ ಊರು ಸೇರುತ್ತಾರೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ದೋಣಿಯೊಳಗೆ ಉಸಿರಾಡುವವರು ಯಾರೂ ಇರುವುದಿಲ್ಲ. ಆ ಆರು ತಿಂಗಳು ಅದನ್ನು ಬೆಚ್ಚಗೆ, ಒಣಗಿದಂತೆ ಇಡುವುದು ಕ್ಲೋರಿಂದಾರ ಕೆಲಸ. ಈ ವರ್ಷ ಹನ್ನೊಂದು ದೋಣಿಗಳು, ಒಂದಕ್ಕೊಂದು ಆನಿಸಿ ಕಟ್ಟಿದ್ದರಿಂದ ನಾಲ್ಕನೆಯದಕ್ಕೆ ಹೋಗಬೇಕೆಂದರೆ ಮೂರನ್ನು ಹತ್ತಿ ಇಳಿಯಬೇಕು. ದಿನಕ್ಕೆ ಎರಡು ಸುತ್ತು. ಒಂದೊಂದು ದೋಣಿಯಲ್ಲಿ ಆರು ಕಡೆ ಪತ್ರಿಕೆಯ ಹಾಳೆ, ಒಟ್ಟು ಅರವತ್ತಾರು. ಪುಂತಾ ಅರೇನಾಸ್‌ನಿಂದ ವಾರಕ್ಕೊಮ್ಮೆ ಬರುವ ಹಡಗಿನಲ್ಲಿ ಹಳತಾಗಿಯೇ ಬಂದಿಳಿಯುವ ನಮ್ಮ ಪತ್ರಿಕೆಗೆ ಈ ದ್ವೀಪದಲ್ಲಿ ಅವರಷ್ಟು ಗಂಭೀರ ಗಿರಾಕಿ ಇನ್ನೊಬ್ಬರಿಲ್ಲ. ಅವರು ಅದನ್ನು ಓದುವುದಿಲ್ಲ ಎಂಬುದು ಬೇರೆ ಮಾತು.

"ನಿಮ್ಮ ಭಾನುವಾರದ ಪುರವಣಿ ಬೇಡ," ಎಂದು ಮುಖಕ್ಕೇ ಹೇಳುತ್ತಾರೆ. "ಅದು ನುಣುಪು ಕಾಗದ. ತೇವ ಹಿಡಿಯಲ್ಲ, ಸುಳ್ಳು ಹೇಳುತ್ತೆ."

ಹದಿನಾಲ್ಕು ವರ್ಷಗಳಿಂದ ಇಲ್ಲಿನ ಶಾಲೆಯಲ್ಲಿ ಪಾಠ ಹೇಳುತ್ತಾ, ಅದೇ ಪುರವಣಿಗೆ ಆಗಾಗ ಬರೆಯುವ ನಾನು ಈ ಮಾತನ್ನು ನುಂಗಿಕೊಂಡೆ. ನನ್ನ ಮನೆಯ ಮಲಗುವ ಕೋಣೆಯ ಗೋಡೆಗೆ ಪ್ರತಿವರ್ಷ ಬೂಷ್ಟು ಹಿಡಿಯುತ್ತದೆ. ಒಮ್ಮೆ ಅದನ್ನು ನೋಡಿದ ಕ್ಲೋರಿಂದಾ, "ಪಾಠ ಹೇಳೋ ಬಾಯಿ ಇದೆ, ಒಂದು ಕಿಟಕಿ ತೆಗೆಯೋ ಕೈ ಇಲ್ಲ," ಎಂದಿದ್ದರು. ಚಳಿಗೆ ಹೆದರಿ ಎಲ್ಲವನ್ನೂ ಮುಚ್ಚಿ ಹೀಟರ್ ಹಚ್ಚಿಕೊಂಡು ಕೂರುವವರನ್ನು ಕಂಡರೆ ಅವರಿಗೆ ಆಗುವುದಿಲ್ಲ.

"ಬೆಚ್ಚಗಿದ್ರೆ ಒಣಗಿದೆ ಅಂದ್ಕೊಳ್ತಾರೆ. ಅಲ್ಲ. ಬೆಚ್ಚಗಿನ ಗಾಳಿ ನೀರನ್ನ ಹೊತ್ಕೊಂಡು ತಿರುಗುತ್ತೆ. ತಣ್ಣಗಿರೋ ಮೂಲೆ ಸಿಕ್ಕಿದ ತಕ್ಷಣ ಅಲ್ಲಿ ಇಳಿಸುತ್ತೆ. ನಾನು ಮಾಡೋದು ಇಷ್ಟೇ. ಇಳಿಸೋಕೆ ಮುಂಚೆ ಹೊರಗೆ ಕಳಿಸ್ತೀನಿ."

ಮಾಡುವುದು ಅಷ್ಟೇ ಅಲ್ಲ. ಹಾಸಿಗೆಗಳನ್ನು ಗೋಡೆಗೆ ತಾಗದಂತೆ ನಿಲ್ಲಿಸುತ್ತಾರೆ. ಗೂಡುಗಳ ಬಾಗಿಲೆಲ್ಲ ತೆರೆದಿಡುತ್ತಾರೆ. ತೇವ ಹೀರುವ ಯಂತ್ರದ ಡಬ್ಬಿ ಬಸಿದು, ದೋಣಿಯ ತಳದಲ್ಲಿ ನಿಂತ ನೀರನ್ನು ಸ್ಪಂಜಿನಿಂದ ಹಿಂಡಿ ತೆಗೆಯುತ್ತಾರೆ. ಬೂಷ್ಟಿನ ಚುಕ್ಕೆ ಕಂಡಲ್ಲಿ ವಿನೆಗರ್ ಹಚ್ಚಿ ಒರೆಸುತ್ತಾರೆ. ಗಾಳಿಗೆ ಉಜ್ಜಿ ಸವೆದ ಹಗ್ಗಕ್ಕೆ ಬಟ್ಟೆ ಸುತ್ತುತ್ತಾರೆ. ಕೊನೆಗೆ ಮುಚ್ಚಳ ಹಾಕುವಾಗ ಎರಡು ಬೆರಳಗಲದ ಸಂದಿ ಬಿಡುತ್ತಾರೆ. ಆ ಸಂದಿಯ ಅಳತೆಯನ್ನು ನಾನು ಒಂದು ವಾರ ಪರೀಕ್ಷಿಸಿದ್ದೇನೆ, ಒಂದು ದಿನವೂ ತಪ್ಪಿರಲಿಲ್ಲ.

ಅವರಿಗೆ ತೇವದ ಮೇಲೆ ಇರುವ ಈ ಹಗೆ ವೃತ್ತಿಯಿಂದ ಬಂದದ್ದಲ್ಲ. ಚಿಲೊಯೆ ದ್ವೀಪದಲ್ಲಿ ಹುಟ್ಟಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಗಂಡ ರೊಸೆಂದೊನ ಜೊತೆ ಇಲ್ಲಿಗೆ ಬಂದವರು. ರೊಸೆಂದೊ ಏಡಿ ಹಿಡಿಯುವ ದೋಣಿಯಲ್ಲಿದ್ದ. ಒಮ್ಮೆ ಹೋದರೆ ಇಪ್ಪತ್ತು ದಿನ ದೋಣಿಯಲ್ಲೇ ಊಟ, ನಿದ್ದೆ. ನಾಲ್ಕು ಜನ ಮಲಗುವ ಗೂಡಿನಲ್ಲಿ ಒದ್ದೆ ಬಟ್ಟೆ, ಒದ್ದೆ ಕಂಬಳಿ, ತಲೆಯ ಮೇಲೆ ತೊಟ್ಟಿಕ್ಕುವ ಹಲಗೆ. ಇಪ್ಪತ್ತೆರಡು ವರ್ಷ ಹಾಗೆ ಮಲಗಿದ ಅವನ ಎದೆ ಕೊನೆಗೆ ಉಸಿರು ಹಿಡಿಯಲಾರದೆ ಸೋತಿತು.

"ಮನೆಗೆ ಬಂದಾಗ ಅವನ ಕಂಬಳಿ ಹಿಂಡ್ತಿದ್ದೆ. ಬಟ್ಟೆ ಒಗೆದಾಗ ಹಿಂಡ್ತೀವಲ್ಲ, ಹಾಗೆ ನೀರು ಸುರೀತಿತ್ತು. ಒಣಗಿಸಿ ಕೊಡ್ತಿದ್ದೆ, ಮತ್ತೆ ಒದ್ದೆ ಮಾಡ್ಕೊಂಡು ಬರ್ತಿದ್ದ. ಆ ದೋಣಿ ಒಳಗೆ ಹೋಗಿ ಒರೆಸೋಣ ಅಂದ್ರೆ ಹೆಂಗಸ್ರನ್ನ ಹತ್ತಿಸ್ತಿರ್ಲಿಲ್ಲ." ಇಷ್ಟು ಹೇಳಿ ಅವರು ಬಕೆಟ್ಟು ಎತ್ತಿಕೊಂಡು ಮುಂದಿನ ದೋಣಿಗೆ ದಾಟಿದರು. ಗಂಡನ ಬಗ್ಗೆ ಅವರು ನನ್ನೊಡನೆ ಮಾತನಾಡಿದ್ದು ಅದೊಂದೇ ಸಲ.

ರೊಸೆಂದೊ ತೀರಿಕೊಂಡ ಮರುವರ್ಷ, ಧಕ್ಕೆಯ ಉಸ್ತುವಾರಿ ನೋಡುವ ನಿಬಾಲ್ದೊ ಕಾರ್ಕಮೊ ಒಂದು ದೋಣಿಯ ಬೀಗದ ಕೈ ತಂದು ಅವರಿಗೆ ಕೊಟ್ಟ. ನೌಕಾಪಡೆಯಿಂದ ನಿವೃತ್ತನಾದ ಈತ ಯಾರನ್ನೂ ಕೆಣಕದೆ ಬಿಡುವವನಲ್ಲ. "ದೋನ್ಯಾ, ಮನೆ ಒರೆಸೋ ಹಾಗೆ ಒರೆಸಿ, ಅಷ್ಟೇ ಕೆಲಸ," ಎಂದನಂತೆ. ಅವರು ಮನೆಯನ್ನು ನೋಡಿಕೊಳ್ಳುವಂತೆಯೇ ನೋಡಿಕೊಂಡರು. ಎಡವಟ್ಟಾದದ್ದು ಅದರಿಂದಲೇ.

ಸಾಲಿನ ಕೊನೆಯಲ್ಲಿ ಕಟ್ಟಿರುವ ಹಸಿರು ಬಣ್ಣದ ದೋಣಿಯ ಹೆಸರು ಸ್ಟೆರೆನ್. ಯಜಮಾನ ಎರ್ವಾನ್, ಫ್ರಾನ್ಸಿನ ಬ್ರಿಟನಿ ಕಡೆಯವನು. ಹನ್ನೆರಡು ಚಳಿಗಾಲಗಳ ಹಿಂದೆ ಮೊದಲ ಬಾರಿಗೆ ಇಲ್ಲಿ ದೋಣಿ ಬಿಟ್ಟುಹೋದ. ಬೇರೆ ದೋಣಿಗಳಲ್ಲೆಲ್ಲ ಧಕ್ಕೆಯಿಂದ ಎಳೆದ ವಿದ್ಯುತ್ತಿನ ಹೀಟರ್ ಇದ್ದರೆ ಇದರಲ್ಲಿ ಸಣ್ಣದೊಂದು ಕಬ್ಬಿಣದ ಸೌದೆ ಒಲೆ. ಒಲೆಯನ್ನು ಕಂಡು ಕ್ಲೋರಿಂದಾರಿಗೆ ತವರಿನ ಅಡುಗೆಮನೆಯೇ ಸಿಕ್ಕಿದಂತಾಯಿತು. ದಿನ ಬಿಟ್ಟು ದಿನ ಬೆಂಕಿ ಹಚ್ಚಿ, ಒಂದೆರಡು ಗಂಟೆ ಅಲ್ಲೇ ಕೆಲಸ ಮಾಡಿ, ಆರಿಸಿ ಬರುತ್ತಿದ್ದರು. ಬೆಂಕಿ ಹಚ್ಚಿದೊಡನೆ ಒಲೆಯ ಮೇಲೆ ಕೆಟಲ್ ಇಡುತ್ತಿದ್ದರು.

ಚಿಲೊಯೆಯವರ ಒಲೆಯ ಮೇಲೆ ಬೆಳಗಿನಿಂದ ಮಲಗುವವರೆಗೆ ಕೆಟಲ್ ಇರಲೇಬೇಕು. ಬಂದವರಿಗೆ ಮಾಟೆ ಸೊಪ್ಪಿನ ಕಷಾಯಕ್ಕೆ ಬಿಸಿನೀರು ಇಲ್ಲವೆಂದರೆ ಆ ಮನೆಯಲ್ಲಿ ಸಾವಾಗಿದೆ ಎಂದೇ ಲೆಕ್ಕ. ನನ್ನ ಅತ್ತೆಯೂ ಆ ಕಡೆಯವಳು, ಅವಳ ಮನೆಯ ಕೆಟಲ್ ತಣ್ಣಗಿದ್ದುದನ್ನು ನಾನು ನೋಡಿಯೇ ಇಲ್ಲ. ಖಾಲಿ ಒಲೆ ಉರಿಸುವುದು ಕ್ಲೋರಿಂದಾರಿಗೆ ಅಪಶಕುನದಂತೆ ಕಂಡಿತು.

"ಅನಾಥ ದೋಣಿ, ಪಾಪ, ಒಂದು ಕೆಟಲ್ ಆದ್ರೂ ಹಾಡ್ಲಿ ಅಂತ ಇಟ್ಟೆ. ಹಬೆಯ ಬುದ್ಧಿ ನನಗೆಲ್ಲಿ ಗೊತ್ತಿತ್ತು?"

ಮುಚ್ಚಿದ ದೋಣಿಯಲ್ಲಿ ಆ ಹಬೆಯೆಲ್ಲ ಎಲ್ಲಿಗೆ ಹೋಗಬೇಕು? ಪುಸ್ತಕದ ಗೂಡಿನ ಹಿಂದೆ, ಸಮುದ್ರಕ್ಕೆ ತಾಗಿದ ಗೋಡೆಯ ಮೇಲೆ ಕೂತು ಮಂಜುಗಡ್ಡೆಯಾಯಿತು. ಜೂನ್, ಜುಲೈ, ಆಗಸ್ಟ್, ಬೆಂಕಿ ಹಚ್ಚಿದಾಗಲೆಲ್ಲ ಒಂದೊಂದು ಪದರ. ಕಣ್ಣಿಗೆ ಬೀಳುವ ಜಾಗವೆಲ್ಲ ಬೆಚ್ಚಗೆ, ಚೊಕ್ಕಟವಾಗಿ ಇತ್ತು. ಸೆಪ್ಟೆಂಬರ್ ಕೊನೆಗೆ ಬಿಸಿಲು ಬಿದ್ದಾಗ ಮೂರು ತಿಂಗಳ ನೀರು ಎರಡು ದಿನದಲ್ಲಿ ಇಳಿಯಿತು. ಆ ಗೂಡಿನಲ್ಲಿ ಇದ್ದದ್ದು ಎರ್ವಾನ್‌ನ ಹೆಂಡತಿ ಮಾಯೆಲ್ ಬರೆದಿಟ್ಟ ಪ್ರಯಾಣದ ದಿನಚರಿ. ಒಂಬತ್ತು ವರ್ಷ ಇಬ್ಬರೂ ಸುತ್ತಿದ ಸಮುದ್ರಗಳು, ಶಾಯಿಯಲ್ಲಿ, ಅವಳ ಕೈಬರಹದಲ್ಲಿ. ಅಷ್ಟು ಹೊತ್ತಿಗೆ ಮಾಯೆಲ್ ತೀರಿಕೊಂಡು ಎರಡು ವರ್ಷವಾಗಿತ್ತು.

ಎರ್ವಾನ್ ಬಂದ. ಮುದ್ದೆಯಾದ ಪುಸ್ತಕ ಕೈಗೆತ್ತಿಕೊಂಡ. ಕ್ಲೋರಿಂದಾ ಏನನ್ನೂ ಮುಚ್ಚಿಡದೆ ಕೆಟಲ್ ಇಟ್ಟದ್ದನ್ನು ಹೇಳಿದರು. ಅವನು ಕೂಗಾಡಲಿಲ್ಲ. "ಒಂಬತ್ತು ವರ್ಷ ಸಮುದ್ರದ ಕೈಲಾಗದ್ದು ನಿನ್ನ ಕೆಟಲ್ ಕೈಲಾಯ್ತು," ಎಂದಷ್ಟೇ ಹೇಳಿದನಂತೆ. ಈ ಮಾತನ್ನು ಹನ್ನೆರಡು ವರ್ಷದ ಮೇಲೆ ನನಗೆ ಹೇಳುವಾಗಲೂ ಕ್ಲೋರಿಂದಾ ಮುಖ ಆಚೆ ತಿರುಗಿಸಿಕೊಂಡರು.

ಆಮೇಲೆ ಇಬ್ಬರೂ ಪುಸ್ತಕವನ್ನು ಕ್ಲೋರಿಂದಾರ ಅಡುಗೆಮನೆಗೆ ಒಯ್ದು, ಹೊಲಿಗೆ ಬಿಚ್ಚಿ, ಒಲೆಯ ಮೇಲೆ ದಾರ ಕಟ್ಟಿ, ಒಂದೊಂದೇ ಹಾಳೆಯನ್ನು ಬಟ್ಟೆಯ ಕ್ಲಿಪ್ಪು ಹಾಕಿ ತೂಗುಬಿಟ್ಟರು. ಮೂರು ದಿನ ಅವನು ಅಲ್ಲೇ ಕುರ್ಚಿಯ ಮೇಲೆ ಕೂತಿದ್ದ. ಕ್ಲೋರಿಂದಾ ಆಲೂಗಡ್ಡೆಯ ರೊಟ್ಟಿ ಸುಟ್ಟು ಕೊಟ್ಟರು. ಆ ಮೂರು ದಿನಗಳಲ್ಲೇ ಅವರ ಕಿವಿ ಪಾಠ ಕಲಿತದ್ದು. ಒದ್ದೆ ಹಾಳೆ ಮೂಕ, ಒಣಗುತ್ತಾ ಬಂದಂತೆ ಗಾಳಿಗೆ ಸಣ್ಣಗೆ ಸದ್ದು ಮಾಡತೊಡಗುತ್ತದೆ. ಪತ್ರಿಕೆಯ ಹಾಳೆಯ ಉಪಾಯ ಹುಟ್ಟಿದ್ದು ಅಲ್ಲಿ. ಹದಿನಾಲ್ಕು ಪುಟಗಳ ಶಾಯಿ ಮಾತ್ರ ಪೂರ್ತಿ ಹರಿದುಹೋಗಿತ್ತು. ಒಣಗಿದ ಹಾಳೆಗಳನ್ನು ಎರ್ವಾನ್ ಮತ್ತೆ ಹೊಲಿದು ದೋಣಿಯ ಗೂಡಿಗೇ ಸೇರಿಸಿದ.

ಆ ಬೇಸಿಗೆ ಮುಗಿದು ಎರ್ವಾನ್ ಮತ್ತೆ ಊರಿಗೆ ಹೊರಟಾಗ ಕ್ಲೋರಿಂದಾ ಮನೆಯಲ್ಲೇ ಉಳಿದರು, ಧಕ್ಕೆಗೆ ಹೋಗಲಿಲ್ಲ. ಅವನೇ ಹುಡುಕಿಕೊಂಡು ಬಂದು, ಸ್ಟೆರೆನ್‌ನ ಬೀಗದ ಕೈಯನ್ನು ಅವರ ಮೇಜಿನ ಮೇಲಿಟ್ಟು ಹೋದ. ಅಂದೇ ಅವರು ದೋಣಿಯ ಕೆಟಲ್ ಅನ್ನು ಒರೆಸಿ, ಪತ್ರಿಕೆಯಲ್ಲಿ ಸುತ್ತಿ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಇಟ್ಟರು. ಸುತ್ತಿದ ಕಾಗದವನ್ನು ವರ್ಷವರ್ಷ ಬದಲಾಯಿಸಿದ್ದಾರೆ, ಕೆಟಲ್ ಮಾತ್ರ ಒಲೆಯ ಮೇಲೆ ಏರಿಲ್ಲ. ಬೇಸಿಗೆಯಲ್ಲಿ ಎರ್ವಾನ್ ಬಂದಾಗಲೂ ಬಾಣಲೆಯಲ್ಲಿ ನೀರು ಕಾಯಿಸಿಕೊಳ್ಳುತ್ತಿದ್ದನಂತೆ. ಕೆಟಲ್ ಎಲ್ಲಿ ಎಂದು ಅವನು ಕೇಳಲಿಲ್ಲ, ಇವರು ಹೇಳಲಿಲ್ಲ.

ಮೂರು ಚಳಿಗಾಲಗಳ ಹಿಂದೆ ಹೋದ ಎರ್ವಾನ್ ತಿರುಗಿ ಬರಲಿಲ್ಲ. ಆಸ್ಪತ್ರೆಯಲ್ಲಿದ್ದೇನೆ, ಬರುತ್ತೇನೆ ಎಂದು ಒಂದು ಕಾಗದ ಬಂತು. ಆಮೇಲೆ ಅದೂ ಇಲ್ಲ. ನಮ್ಮ ಬಂದರಿನ ಕಟ್ಟಳೆಯ ಪ್ರಕಾರ, ಎರಡು ವರ್ಷ ಯಾರೂ ಕೇಳದ ದೋಣಿಯನ್ನು ಎಳೆದೊಯ್ದು ಕೊಲ್ಲಿಯ ಆಚೆಯ ಕೆಸರಿನಲ್ಲಿ ಬಿಡುತ್ತಾರೆ. ಅಲ್ಲಿ ಹಾಗೆ ಬಿಟ್ಟ ಐದು ದೋಣಿಗಳ ಪಕ್ಕೆಲುಬುಗಳು ನನ್ನ ತರಗತಿಯ ಕಿಟಕಿಗೇ ಕಾಣುತ್ತವೆ. ಕಳೆದ ಮೇ ತಿಂಗಳಲ್ಲಿ ಸ್ಟೆರೆನ್‌ನ ಹಾಯಿಯ ಕಂಬಕ್ಕೆ ನೋಟೀಸು ಅಂಟಿತು. ಸೆಪ್ಟೆಂಬರ್ ಮೂವತ್ತರೊಳಗೆ ವಾರಸುದಾರರು ಬರದಿದ್ದರೆ ತೆರವು. ಅಂಟಿಸಿದವನು ನಿಬಾಲ್ದೊ.

"ಯಜಮಾನ ಇಲ್ಲದ ದೋಣಿಗೆ ದಿನಾ ಸೇವೆ ಮಾಡ್ತೀರಲ್ಲ ದೋನ್ಯಾ, ಅದೇನು ದೇವಸ್ಥಾನಾನಾ?" ಎಂದು ಕೆಣಕಿದನಂತೆ.

"ಬೀಗದ ಕೈ ನನ್ನ ಕೊರಳಲ್ಲಿದೆ. ಅವನು ಬಂದು ಬಿಚ್ಕೊಳ್ಳೋವರೆಗೂ ಅದು ನನ್ನ ಕೆಲಸ. ನೀನು ನಿನ್ನ ಗೋಂದು ಹಚ್ಚೋ ಕೆಲಸ ನೋಡ್ಕೋ."

ಅಂದು ಸಂಜೆ ಶಾಲೆಗೆ ಬಂದು, ನನಗೆ ಬರುವ ಅರೆಬರೆ ಫ್ರೆಂಚಿನಲ್ಲಿ ಒಂದು ಕಾಗದ ಬರೆಸಿದರು. ಎರ್ವಾನ್ ಹಿಂದೆ ಕಳಿಸಿದ್ದ ಲಕೋಟೆಯ ಹಿಂಬದಿಯ ವಿಳಾಸಕ್ಕೆ. ಬರೆಸಿದ್ದು ಮೂರೇ ಸಾಲು: ದೋಣಿ ಒಣಗಿದೆ. ಸೆಪ್ಟೆಂಬರ್ ಮೂವತ್ತರವರೆಗೆ ಸಮಯ ಇದೆ. ಯಾರಾದರೂ ಬನ್ನಿ.

ಉತ್ತರ ಬರುವ ಮೊದಲು ಜುಲೈ ಬಂತು. ಹದಿಮೂರರಂದು ಬೀಸಲು ಹಿಡಿದ ಗಾಳಿ ಮಾರನೆಯ ದಿನ ವಿದ್ಯುತ್ ಕಂಬಗಳನ್ನು ಮಲಗಿಸಿತು. ಒಂಬತ್ತು ದಿನ ಊರಿಗೆ ವಿದ್ಯುತ್ ಇರಲಿಲ್ಲ. ನಮಗೇನೋ ಸೌದೆ ಒಲೆಗಳಿದ್ದವು. ಧಕ್ಕೆಯ ಹತ್ತು ದೋಣಿಗಳ ಹೀಟರು, ತೇವ ಹೀರುವ ಯಂತ್ರ ಎಲ್ಲವೂ ಒಟ್ಟಿಗೆ ನಿಂತವು. ಎರಡನೆಯ ದಿನ ಕ್ಲೋರಿಂದಾ ಹಾಳೆಗಳನ್ನು ಮುದುರಿ ನೋಡಿದರೆ ಅರ್ಧಕ್ಕರ್ಧ ಮೂಕವಾಗಿದ್ದವು. ಹಾಸಿಗೆಗಳಿಗೆ ಪಸೆ ಇಳಿದರೆ ಬೂಷ್ಟು ಹತ್ತಲು ನಾಲ್ಕು ದಿನ ಸಾಕು. ಒಮ್ಮೆ ಹತ್ತಿದರೆ ಸುಡುವುದೊಂದೇ ದಾರಿ.

ವಿದ್ಯುತ್ ಬೇಡದ ಒಲೆ ಇದ್ದದ್ದು ಒಂದೇ ದೋಣಿಯಲ್ಲಿ. ನೋಟೀಸು ಅಂಟಿದ ದೋಣಿಯಲ್ಲಿ.

ಶಾಲೆಗೆ ರಜೆ ಕೊಟ್ಟಿದ್ದರಿಂದ ನಾನೂ ಕೈಜೋಡಿಸಿದೆ. ಹತ್ತು ದೋಣಿಗಳ ಹಾಸಿಗೆ, ದಿಂಬು, ಕಂಬಳಿ, ನಕ್ಷೆಗಳು, ಪುಸ್ತಕಗಳು, ಯಾರದೋ ಪಿಟೀಲು, ಎಲ್ಲವನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಗಾಳಿಯಲ್ಲಿ ದೋಣಿಯಿಂದ ದೋಣಿಗೆ ಕೈಬದಲಾಯಿಸಿ ಸ್ಟೆರೆನ್‌ಗೆ ತುಂಬಿದೆವು. ಕ್ಲೋರಿಂದಾ ಒಲೆಯಿಂದ ಮೂರು ಮೊಳ ಬಿಟ್ಟು ಹಾಸಿಗೆಗಳನ್ನು ನಿಲ್ಲಿಸಿದರು. ಒಂದು ಬದಿ ಒಣಗಿದೊಡನೆ ಇನ್ನೊಂದು ಬದಿ ತಿರುಗಿಸಬೇಕು. ಅಷ್ಟು ಸರಕು ತುಂಬಿದ ಜಾಗದಲ್ಲಿ ಬೆಂಕಿಯನ್ನು ಬಿಟ್ಟು ದೂರ ಹೋಗುವಂತಿಲ್ಲ. ವಿದ್ಯುತ್ ಬರುವವರೆಗಿನ ದಿನಗಳನ್ನು ಕ್ಲೋರಿಂದಾ ಅಲ್ಲೇ ಮೆಟ್ಟಿಲ ಮೇಲೆ ಕೂತು ಕಳೆದರು. ನಿಬಾಲ್ದೊ ತನ್ನ ಮನೆಯ ಸೌದೆಯನ್ನೇ ಹೊತ್ತು ತಂದ, ಗೊಣಗಿಕೊಂಡು.

ಆ ದಿನಗಳಲ್ಲಿ ಒಂದು ಸಂಗತಿ ನನ್ನನ್ನು ಕಾಡಿತು. ಕ್ಲೋರಿಂದಾ ದಿನಕ್ಕೆ ಎರಡು ಸಲ ನನ್ನನ್ನೋ ನಿಬಾಲ್ದೊನನ್ನೋ ಒಲೆಯ ಕಾವಲಿಗೆ ಕೂರಿಸಿ, ಆ ಗಾಳಿಯಲ್ಲಿ ಅರ್ಧ ಮೈಲಿ ಮನೆಗೆ ನಡೆದು, ಬಿಸಿನೀರು ಕುಡಿದು ಬರುತ್ತಿದ್ದರು. ಕಣ್ಣೆದುರಿಗೆ ಒಲೆ ಧಗಧಗ ಉರಿಯುತ್ತಿತ್ತು.

ನಿಬಾಲ್ದೊಗೆ ತಡೆಯಲಾಗಲಿಲ್ಲ. "ದೋನ್ಯಾ, ಒಂದು ಲೋಟ ನೀರು ಕಾಯಿಸಿದ್ರೆ ಯಾವ ಸ್ವರ್ಗ ಬಿದ್ದುಹೋಗುತ್ತೆ? ಕಾಲು ಜಾರಿ ಸೊಂಟ ಮುರ್ಕೊಂಡ್ರೆ ಹನ್ನೊಂದು ದೋಣಿ ನೋಡೋರು ಯಾರು? ಈ ಮೇಷ್ಟ್ರಾ? ಇವರಿಗೆ ತಮ್ಮ ಮನೆ ಗೋಡೆ ಒರೆಸೋಕೆ ಬರಲ್ಲ!"

"ಹತ್ತು ಮನೆ ಹಾಸಿಗೆ ಇದೆ ಇಲ್ಲಿ. ಒಂದು ಲೋಟದ ಹಬೆಯೂ ಬೇಡ," ಎಂದರು ಕ್ಲೋರಿಂದಾ. ಒಲೆಗೆ ಸೌದೆ ತುರುಕುತ್ತಾ, "ಒಂದು ಸಲ ಮಾಡಿದ್ದು ಸಾಕು," ಎಂದರು. ಮರುದಿನದಿಂದ ನಿಬಾಲ್ದೊನೇ ಮನೆಯಿಂದ ಫ್ಲಾಸ್ಕಿನಲ್ಲಿ ಬಿಸಿನೀರು ತರತೊಡಗಿದ. ಅದನ್ನೂ ಅವರು ಮೇಲೆ, ಹೊರಗೆ, ಹಿಮದಲ್ಲಿ ನಿಂತುಕೊಂಡೇ ಕುಡಿದರು.

ವಿದ್ಯುತ್ ಬಂದ ದಿನ ಹಾಸಿಗೆಗಳನ್ನೆಲ್ಲ ಅವುಗಳ ಜಾಗಕ್ಕೆ ಹಿಂದಿರುಗಿಸಿದೆವು. ಒಂದಕ್ಕೂ ಬೂಷ್ಟು ಹತ್ತಿರಲಿಲ್ಲ. ಹತ್ತು ಯಜಮಾನರಲ್ಲಿ ಯಾರಿಗೂ ಇದು ಇವತ್ತಿಗೂ ಗೊತ್ತಿಲ್ಲ. ಅವರಿಗೆ ಬರೆದು ತಿಳಿಸೋಣವೇ ಎಂದು ಕೇಳಿದಾಗ ಕ್ಲೋರಿಂದಾರಿಗೆ ನಗು ಬಂತು. "ಒಣಗಿದ ಹಾಸಿಗೆ ಮೇಲೆ ಮಲಗ್ದೋರು ಹಾಸಿಗೆ ಬಗ್ಗೆ ಯಾಕೆ ಯೋಚನೆ ಮಾಡ್ಬೇಕು? ಮಲಗ್ಲಿ ಬಿಡಿ." ನನಗೆ ಮಾತ್ರ ಸಿಟ್ಟು ಬಂದಿತ್ತು, ಇನ್ನೂ ಇದೆ. ಬೇಸಿಗೆಯಲ್ಲಿ ಬಂದು ನಮ್ಮ ಹೋಟೆಲಿನಲ್ಲಿ ಬಿರುಗಾಳಿಯ ಸಾಹಸ ಹೇಳಿಕೊಳ್ಳುವವರನ್ನು ಕಂಡಾಗ ಎದ್ದು ನಿಂತು ಕ್ಲೋರಿಂದಾರ ಹೆಸರು ಕೂಗಬೇಕೆನಿಸುತ್ತದೆ.

ಆಗಸ್ಟ್ ಕೊನೆಯಲ್ಲಿ ಉತ್ತರ ಬಂತು. ಬರೆದವಳು ಎರ್ವಾನ್‌ನ ಮಗಳು ನೊಲ್ವೆನ್. ಅಪ್ಪ ಕಳೆದ ನವೆಂಬರ್‌ನಲ್ಲಿ ತೀರಿಕೊಂಡರು. ದೋಣಿ ಎಂದೋ ಹಾಳಾಗಿರಬೇಕು ಎಂದುಕೊಂಡಿದ್ದೆ. ಕೆಲಸದಿಂದ ರಜೆ ಸಿಕ್ಕರೆ ಬರುತ್ತೇನೆ, ಖಚಿತವಿಲ್ಲ. ನಾನು ಓದಿ ಹೇಳಿದಾಗ ಕ್ಲೋರಿಂದಾ ಕೊರಳ ದಾರಕ್ಕೆ ಕೈ ಹಾಕಿ, ಹನ್ನೊಂದರಲ್ಲಿ ಸ್ಟೆರೆನ್‌ನ ಬೀಗದ ಕೈಯನ್ನು ಬೆರಳಲ್ಲಿ ಹಿಡಿದುಕೊಂಡರು. "ನವೆಂಬರ್‌ನಲ್ಲಿ," ಎಂದರು. "ನಾನು ಆ ತಿಂಗಳು ದೋಣಿಗೆ ಬಣ್ಣ ಹಚ್ಚಿದ್ದೆ." ಆಮೇಲೆ ಎದ್ದು ಎರಡನೆಯ ಸುತ್ತಿಗೆ ಹೊರಟರು.

ಸೆಪ್ಟೆಂಬರ್ ಹದಿನೈದು ದಾಟಿತು, ಇಪ್ಪತ್ತೆರಡು ದಾಟಿತು. ಇಪ್ಪತ್ತೊಂಬತ್ತು ಶನಿವಾರ, ಗಡುವಿಗೆ ಮೊದಲು ಬರುವ ಕೊನೆಯ ಹಡಗು. ಅಂದು ಬೆಳಿಗ್ಗೆ ಕ್ಲೋರಿಂದಾ ಹಡಗು ನೋಡಲು ಬರಲಿಲ್ಲ. ಎಂದಿನಂತೆ ಮೊದಲ ದೋಣಿಯಿಂದ ಪೊರಕೆ ಹಿಡಿದು ಹೊರಟಿದ್ದರು. ನಾನು ಇಳಿಯುವವರ ಮುಖಗಳನ್ನು ಒಂದೊಂದಾಗಿ ನೋಡುತ್ತಾ ನಿಂತಿದ್ದೆ. ಕೊನೆಗೆ, ಸೌದೆ ಲಾರಿಯ ಹಿಂದೆ, ಚಳಿಗೆ ಸಾಲದ ಕೋಟು ತೊಟ್ಟ ಹೆಂಗಸೊಬ್ಬಳು ಕೈಯಲ್ಲಿ ನನ್ನದೇ ಕಾಗದ ಹಿಡಿದುಕೊಂಡು ಇಳಿದಳು. ನಲವತ್ತರ ಆಸುಪಾಸು.

ಧಕ್ಕೆಯಲ್ಲಿ ಇಬ್ಬರನ್ನೂ ಎದುರುಬದುರು ನಿಲ್ಲಿಸಿದೆ. ಕ್ಲೋರಿಂದಾ ದಾರದಿಂದ ಬೀಗದ ಕೈ ಬಿಚ್ಚಿ ಅವಳಿಗೆ ಕೊಟ್ಟರು. "ತೆಗಿಯಮ್ಮ. ನಿನ್ನದು."

ನೊಲ್ವೆನ್ ಬೀಗ ತೆಗೆದು ಇಳಿದಳು. ನಾವು ಮೇಲೆ ನಿಂತೆವು. ಮೊದಲು ಅವಳು ಕೈಗವಸುಗಳನ್ನು ಕಳಚಿ ಗೋಡೆ ಮುಟ್ಟಿದಳು. ದಿಂಬು ಒತ್ತಿ ನೋಡಿದಳು. ಆಮೇಲೆ ಬೂಟು, ಕಾಲುಚೀಲ ಎರಡನ್ನೂ ತೆಗೆದು ಬರಿಗಾಲಲ್ಲಿ ನೆಲದ ಮೇಲೆ ನಿಂತಳು. ಅಡ್ಡಗೋಡೆಯ ಮೊಳೆಯಲ್ಲಿ ಎರ್ವಾನ್‌ನ ಉಣ್ಣೆಯ ಅಂಗಿ ಇತ್ತು, ಅವನು ತೂಗುಹಾಕಿ ಹೋದ ಹಾಗೇ. ಅದನ್ನು ತೆಗೆದು ಮುಖಕ್ಕೆ ಒತ್ತಿಕೊಂಡು ಅವಳು ಮಂಚದ ಮೇಲೆ ಕೂತುಬಿಟ್ಟಳು. ನಾನು ಬೇರೆ ಕಡೆ ನೋಡಿದೆ.

ತುಸು ಹೊತ್ತಿನ ಮೇಲೆ ಅವಳೇ ನಮ್ಮನ್ನು ಒಳಗೆ ಕರೆದಳು. ಮಡಿಲಲ್ಲಿ ಅಮ್ಮನ ದಿನಚರಿ ತೆರೆದಿತ್ತು, ಶಾಯಿ ಹರಿದ ಪುಟಕ್ಕೇ. ಕ್ಲೋರಿಂದಾ ಮೆಟ್ಟಿಲ ಬಳಿಯೇ ನಿಂತು, "ಅದು ನನ್ನಿಂದ ಆದದ್ದಮ್ಮ," ಎಂದರು. "ಒಲೆ ಮೇಲೆ ಕೆಟಲ್ ಇಟ್ಟಿದ್ದೆ. ಮುಚ್ಚಿದ ದೋಣೀಲಿ ಇಡಬಾರದು ಅಂತ ಗೊತ್ತಿರ್ಲಿಲ್ಲ. ನಿಮ್ಮಮ್ಮನ ಬರಹ ನಾನು ಅಳಿಸ್ದೆ."

ನೊಲ್ವೆನ್ ಪುಟವನ್ನು ಬೆಳಕಿಗೆ ತಿರುಗಿಸಿದಳು. ನೀಲಿ ಕಲೆಗಳ ನಡುವೆ ಪೆನ್ಸಿಲಿನಲ್ಲಿ ಸಣ್ಣ ಅಕ್ಷರಗಳಿದ್ದವು. ಹೆಂಡತಿ ಬರೆದದ್ದರಲ್ಲಿ ತನಗೆ ನೆನಪಿದ್ದಷ್ಟನ್ನು ಎರ್ವಾನ್ ಮತ್ತೆ ತುಂಬಿದ್ದ. ಹದಿನಾಲ್ಕು ಪುಟಕ್ಕೂ. ಆ ಪುಸ್ತಕವನ್ನು ಮತ್ತೆಂದೂ ಬಿಚ್ಚಿ ನೋಡುವ ಧೈರ್ಯ ಮಾಡದ ಕ್ಲೋರಿಂದಾರಿಗೆ ಇದು ಗೊತ್ತೇ ಇರಲಿಲ್ಲ. ಕೊನೆಯ ಪುಟದ ಅಂಚಿನಲ್ಲಿ ಇದ್ದದ್ದನ್ನು ನೊಲ್ವೆನ್ ತನ್ನ ತೊದಲು ಸ್ಪ್ಯಾನಿಷಿನಲ್ಲಿ ನಿಧಾನವಾಗಿ ಓದಿ ಹೇಳಿದಳು: "ಕ್ಲೋರಿಂದಾಳ ಅಡುಗೆಮನೆಯಲ್ಲಿ ಒಣಗಿಸಿದೆವು. ಮೂರು ದಿನ. ಮಾಯೆಲ್ ಹೋದ ಮೇಲೆ ಬೆಚ್ಚಗೆ ಕೂತದ್ದು ಅಲ್ಲಿಯೇ ಮೊದಲು."

ಕ್ಲೋರಿಂದಾ ಏಪ್ರನ್ನಿನ ಅಂಚಿನಿಂದ ಮೆಟ್ಟಿಲನ್ನು ಒರೆಸತೊಡಗಿದರು. ಅದು ಒಣಗಿಯೇ ಇತ್ತು.

ಅಂದೇ ಮಧ್ಯಾಹ್ನ ನೊಲ್ವೆನ್ ಬಂದರು ಕಚೇರಿಯಲ್ಲಿ ವಾರಸುದಾರಳೆಂದು ಸಹಿ ಹಾಕಿದಳು. ನಿಬಾಲ್ದೊ ನೋಟೀಸನ್ನು ಉಗುರಿನಿಂದ ಕೆರೆದು ತೆಗೆದು, ಗೋಂದಿನ ಗುರುತನ್ನೂ ಉಜ್ಜಿದ. ಹಾಯಿ ಕಟ್ಟಲು ನನಗೆ ಬರುವುದಿಲ್ಲ, ಬಿಸಿಲು ಬರುವವರೆಗೆ ಇಲ್ಲೇ ಇದ್ದು ಯೋಚಿಸುತ್ತೇನೆ ಎಂದಳು ನೊಲ್ವೆನ್. ಅಲ್ಲಿಯವರೆಗೆ ದೋಣಿಯಲ್ಲೇ ವಾಸ.

ಸಂಜೆ ನಾಲ್ವರೂ ಸ್ಟೆರೆನ್‌ನಲ್ಲಿ ಮಂಡಿಗೆ ಮಂಡಿ ತಾಗಿಸಿ ಕೂತಿದ್ದೇವೆ. ಒಲೆ ಉರಿಯುತ್ತಿದೆ. ನೊಲ್ವೆನ್‌ಗೆ ಚಹಾ ಬೇಕು. ಬಾಣಲೆಯಲ್ಲಿ ನೀರು ಕಾಯಿಸಲು ಎದ್ದವಳನ್ನು ಕ್ಲೋರಿಂದಾ ಭುಜ ಹಿಡಿದು ಕೂರಿಸುತ್ತಾರೆ. ಮೆಟ್ಟಿಲ ಕೆಳಗೆ ಬಗ್ಗಿ, ಪತ್ರಿಕೆಯಲ್ಲಿ ಸುತ್ತಿದ ಗಂಟೊಂದನ್ನು ಎಳೆಯುತ್ತಾರೆ. ಕಾಗದ ಸರಸರ ಎನ್ನುತ್ತದೆ. ಹನ್ನೊಂದು ವರ್ಷ ಕಳೆದ ಮೇಲೆ ಹೊರಬಂದ ಕೆಟಲ್‌ಗೆ ಒಂದು ಚುಕ್ಕೆ ತುಕ್ಕೂ ಹಿಡಿದಿಲ್ಲ. ನೀರು ತುಂಬಿಸಿ, ಅವರೇ ಅದನ್ನು ಒಲೆಯ ಮೇಲೆ ಇಡುತ್ತಾರೆ.

ನಿಬಾಲ್ದೊ ಈ ಸಲವೂ ಸುಮ್ಮನಿರಲಾರ. "ಏನು ದೋನ್ಯಾ, ಈಗ ಹಬೆ ಆಗಲ್ವಾ?"

"ಆಗುತ್ತೆ," ಎನ್ನುತ್ತಾರೆ ಕ್ಲೋರಿಂದಾ. ಕೈ ಮೇಲೆತ್ತಿ, ದೋಣಿಯ ಮುಚ್ಚಳವನ್ನು ಎರಡು ಬೆರಳಗಲದಿಂದ ನಾಲ್ಕು ಬೆರಳಗಲಕ್ಕೆ ಸರಿಸುತ್ತಾರೆ. "ಈಗ ಇಡಬಹುದು. ಮನೇಲಿ ಜನ ಇದ್ದಾರೆ."

ಭಾನುವಾರದ ಪುರವಣಿಗೆ ನಿಮ್ಮ ಬಗ್ಗೆ ಬರೆಯುತ್ತಿದ್ದೇನೆ, ಓದುಗರಿಗೆ ಏನಾದರೂ ಹೇಳುವುದಿದೆಯೇ ಎಂದು ನಾನು ಕೇಳುತ್ತೇನೆ. ಅವರು ಕೆಟಲ್‌ನಿಂದ ಕಣ್ಣು ತೆಗೆಯುವುದಿಲ್ಲ. ಅದರ ಮುಚ್ಚಳ ಸಣ್ಣಗೆ ಅದುರತೊಡಗಿದೆ.

"ನನ್ನ ಬಗ್ಗೆ ಏನೂ ಬೇಡ ಮೇಷ್ಟ್ರೇ. ಸ್ಟೆರೆನ್ ಒಲೆ ಮೇಲೆ ಇವತ್ತು ಕೆಟಲ್ ಇಟ್ರು ಅಂತ ಬರೀರಿ. ಅಷ್ಟು ಸಾಕು."